ಪೆಟ್ಟಿಗೆಯ ಮೇಲಿನ ಮೂರು ಹೆಸರುಗಳು, ನಮ್ಮ ಮನೆಯ ವಿಡಿಯೊಗಳು: ಒಂದು ಸ್ಟ್ರೀಮಿಂಗ್ ಬಾಕ್ಸ್‌ನ ಎಂಟು ತಿಂಗಳ ಬಳಕೆ

ಕಳೆದ ದೀಪಾವಳಿಯ ಸಮಯದಲ್ಲಿ ಕಾಸರಗೋಡಿನ ಹೊಸ ಬಸ್ ನಿಲ್ದಾಣದ ಹತ್ತಿರದ ಅಂಗಡಿಯೊಂದರಲ್ಲಿ 6,500 ರೂಪಾಯಿ ಕೊಟ್ಟು ಒಂದು ಸ್ಟ್ರೀಮಿಂಗ್ ಬಾಕ್ಸ್ ಕೊಂಡೆ. ಅದರ ರಟ್ಟಿನ ಪೆಟ್ಟಿಗೆಯ ಮೇಲೆ ಡಾಲ್ಬಿ ವಿಷನ್, ಎಚ್‌ಡಿಆರ್10+, ಎಚ್‌ಎಲ್‌ಜಿ ಎಂಬ ಮೂರೂ ಹೆಸರುಗಳು ದಪ್ಪ ಅಕ್ಷರದಲ್ಲಿದ್ದವು. ಕತ್ತಲೆ, ಬೆಳಕು, ಬಣ್ಣಗಳನ್ನು ಸಾಧಾರಣ ವಿಡಿಯೊಗಿಂತ ಹೆಚ್ಚಿನ ವ್ಯಾಪ್ತಿಯಲ್ಲಿ ತೋರಿಸುವ ಎಚ್‌ಡಿಆರ್‌ನ ಬೇರೆಬೇರೆ ಬಗೆಗಳು ಇವು. ನಮ್ಮ ಟಿವಿಯ ಕೈಪಿಡಿಯಲ್ಲಿ ಡಾಲ್ಬಿ ವಿಷನ್ ಮತ್ತು ಎಚ್‌ಎಲ್‌ಜಿ ಇದ್ದುದರಿಂದ ಎರಡನ್ನೂ ಒಂದು ತಂತಿಯಿಂದ ಜೋಡಿಸಿದರೆ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಸಿನಿಮಾ ನೋಡುವುದು ನನ್ನ ಉದ್ದೇಶವಾಗಿರಲಿಲ್ಲ. ದೊಡ್ಡಪ್ಪನ ಮಗ ಅಣ್ಣ ನಾಲ್ಕು ವರ್ಷಗಳಿಂದ ಕುಂಬಳೆ ಸೀಮೆಯ ಯಕ್ಷಗಾನ ಬಯಲಾಟಗಳನ್ನು ಐಫೋನಿನಲ್ಲಿ ಹಿಡಿದಿಡುತ್ತಾ ಬಂದಿದ್ದಾರೆ. ರಾತ್ರಿ ನಿದ್ದೆಗೆಟ್ಟು ಆಟಕ್ಕೆ ಹೋಗಲು ಈಗ ಸಾಧ್ಯವಾಗದ ಅಪ್ಪನಿಗೆ ಅವನ್ನು ಬದಿಯಡ್ಕದ ಬಳಿಯ ನಮ್ಮ ಮನೆಯಲ್ಲಿ, 55 ಇಂಚಿನ ಪರದೆಯ ಮೇಲೆ, ಸರಿಯಾದ ಬಣ್ಣದಲ್ಲಿ ತೋರಿಸಬೇಕು ಎಂಬುದಷ್ಟೇ ನನ್ನ ಆಸೆಯಾಗಿತ್ತು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಅಂತರ್ಜಾಲದ ಸೇವೆಗಳನ್ನು ನೋಡುವುದಕ್ಕೆ ಈ ಬಾಕ್ಸ್ ಕೊಟ್ಟ ಹಣಕ್ಕೆ ಮೋಸ ಮಾಡುವುದಿಲ್ಲ. ಆದರೆ ಪೆಟ್ಟಿಗೆಯ ಮೇಲಿನ ಹೆಸರುಗಳು ಆ ಸೇವೆಗಳ ಮಟ್ಟಿಗೆ ನಿಜವೇ ಹೊರತು ನಾವು ಪೆನ್‌ಡ್ರೈವಿನಲ್ಲಿ ತಂದು ಸಿಕ್ಕಿಸುವ ಫೈಲಿಗೆ ತಾನಾಗಿಯೇ ಅನ್ವಯಿಸುವುದಿಲ್ಲ. ಈ ವ್ಯತ್ಯಾಸವನ್ನು ಅಂಗಡಿಯವರೂ ಹೇಳಲಿಲ್ಲ, ಕೈಪಿಡಿಯೂ ಹೇಳಲಿಲ್ಲ.

ಪರೀಕ್ಷೆಗೆ ನಾನು ಆರಿಸಿಕೊಂಡದ್ದು ಮಹಿಷಾಸುರನ ಪ್ರವೇಶದ ದೃಶ್ಯ. ತೆಂಕುತಿಟ್ಟಿನ ಬಣ್ಣದ ವೇಷವನ್ನು ಹತ್ತಿರದಿಂದ ಕಂಡವರಿಗೆ ಗೊತ್ತು, ಅಕ್ಕಿಹಿಟ್ಟು ಮತ್ತು ಸುಣ್ಣದಿಂದ ಮುಖದ ಮೇಲೆ ಇಡುವ ಚಿಟ್ಟಿ ಒಂದೊಂದೂ ಬೇರೆಬೇರೆಯಾಗಿ ಎದ್ದು ನಿಂತಿರುತ್ತದೆ. ಪ್ರೇಕ್ಷಕರ ನಡುವಿನಿಂದ ಮಹಿಷ ಬರುವಾಗ ದೊಂದಿಗೆ ರಾಳದ ಪುಡಿ ಎರಚುತ್ತಾರೆ. ಬೆಂಕಿ ಭಗ್ಗೆಂದು ಎದ್ದ ಆ ಒಂದು ಕ್ಷಣದಲ್ಲಿ ಕಪ್ಪು ರಾತ್ರಿ, ಹಳದಿ ಜ್ವಾಲೆ, ಬಿಳಿಯ ಚಿಟ್ಟಿ, ಮುಖದ ಕೆಂಪು ಎಲ್ಲವೂ ಒಟ್ಟಿಗೇ ಇರುತ್ತವೆ. ಎಚ್‌ಡಿಆರ್ ಸರಿಯಾಗಿ ಮೂಡುತ್ತಿದೆಯೇ ಎಂದು ನೋಡಲು ಇದಕ್ಕಿಂತ ಒಳ್ಳೆಯ ದೃಶ್ಯ ನನ್ನ ಬಳಿ ಇರಲಿಲ್ಲ.

ಮೊದಲ ತಡೆ ಪೆನ್‌ಡ್ರೈವಿನಲ್ಲೇ ಎದುರಾಯಿತು. 26 ನಿಮಿಷದ ಆ ಫೈಲ್ ಸುಮಾರು 4.7 ಜಿಬಿ ಇತ್ತು; ಎಫ್‌ಎಟಿ32 ವಿಧಾನದ ಡ್ರೈವಿನಲ್ಲಿ ಒಂದು ಫೈಲ್ 4 ಜಿಬಿಗಿಂತ ದೊಡ್ಡದಿರುವಂತಿಲ್ಲ. ಡ್ರೈವನ್ನು ಎಕ್ಸ್‌ಫ್ಯಾಟ್‌ಗೆ ಬದಲಿಸಿದ ಮೇಲೆ ಫೈಲ್ ಹಿಡಿಸಿತು, ಬಾಕ್ಸ್ ಅದನ್ನು ತೆರೆಯಿತು, ಚಿತ್ರವೂ ಬಂತು. ಆದರೆ ಬಣ್ಣವೆಲ್ಲ ನೀರು ಬೆರೆಸಿದಂತೆ ಬಿಳಿಚಿಕೊಂಡಿತ್ತು. ಚಿಟ್ಟಿಗಳೆಲ್ಲ ಸೇರಿ ಮುಖಕ್ಕೆ ಸುಣ್ಣ ಬಳಿದ ಹಾಗೆ ಕಾಣುತ್ತಿದ್ದವು. ಅಪ್ಪ ಒಂದು ನಿಮಿಷ ನೋಡಿ, "ಇದು ಹಗಲು ತೆಗೆದದ್ದಾ ಮಗಾ?" ಎಂದು ಕೇಳಿದರು.

ಇಂಥ ಬಿಳಿಚುವಿಕೆಗೆ ಕಾರಣವನ್ನು ಹುಡುಕಬೇಕಾದರೆ ಫೈಲಿನ ಒಳಗೆ ಏನಿದೆ ಎಂಬುದು ಮೊದಲು ತಿಳಿದಿರಬೇಕು. ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಫೈಲನ್ನು ತೆರೆದರೆ ಅದು ಸಾಲುಸಾಲಾಗಿ ತೋರಿಸುತ್ತದೆ. ಐಫೋನ್ 12 ಬಂದಂದಿನಿಂದ, ಅಂದರೆ 2020ರಿಂದ, ಆ ಫೋನುಗಳು ಎಚ್‌ಇವಿಸಿ ಎಂಬ ಸಂಕೋಚನ ವಿಧಾನದ 10 ಬಿಟ್ ವಿಡಿಯೊವನ್ನು ಡಾಲ್ಬಿ ವಿಷನ್‌ನ 8.4 ಎಂಬ ಪ್ರೊಫೈಲಿನಲ್ಲಿ, ಅಂದರೆ ಉಪವಿಧದಲ್ಲಿ, ತೆಗೆದು ಎಂಒವಿ ಕಂಟೇನರಿನಲ್ಲಿ, ಅಂದರೆ ಆ ಬಗೆಯ ಫೈಲಿನ ಕಟ್ಟಿನಲ್ಲಿ, ಇಡುತ್ತವೆ. ಈ ಪ್ರೊಫೈಲಿನ ತಳದಲ್ಲಿರುವುದು ಎಚ್‌ಎಲ್‌ಜಿ. ಬ್ರಿಟನ್ನಿನ ಬಿಬಿಸಿ ಮತ್ತು ಜಪಾನಿನ ಎನ್‌ಎಚ್‌ಕೆ ಸಂಸ್ಥೆಗಳು ಪ್ರಸಾರದ ಕೆಲಸಕ್ಕೆಂದು ಕೂಡಿ ರೂಪಿಸಿದ ವಿಧಾನ ಅದು. ಆದ್ದರಿಂದ ಡಾಲ್ಬಿ ವಿಷನ್ ತಿಳಿಯದ ಉಪಕರಣವೂ ಇದನ್ನು ಎಚ್‌ಎಲ್‌ಜಿ ಎಂದು ಗುರುತಿಸಿದರೆ ಸಾಕು, ಚಿತ್ರ ಚೆನ್ನಾಗಿಯೇ ಬರಬೇಕು. ಇದಕ್ಕೆ ಹೋಲಿಸಿದರೆ 2015ರಲ್ಲಿ ಬಂದ ಎಚ್‌ಡಿಆರ್10 ಇಡೀ ವಿಡಿಯೊಗೆ ಒಂದೇ ಸಲ ಬೆಳಕಿನ ಗರಿಷ್ಠ ಮಟ್ಟವನ್ನು ಹೇಳಿ ಸುಮ್ಮನಾಗುತ್ತದೆ. ಡಾಲ್ಬಿ ವಿಷನ್ ಮತ್ತು ಎಚ್‌ಡಿಆರ್10+ ಮಾತ್ರ ದೃಶ್ಯದಿಂದ ದೃಶ್ಯಕ್ಕೆ ಆ ಮಾಹಿತಿಯನ್ನು ಬದಲಿಸುತ್ತಾ ಹೋಗುತ್ತವೆ. ರಾಳದ ಬೆಂಕಿ ಏಳುವ ಕ್ಷಣಕ್ಕೂ ಅದರ ಹಿಂದಿನ ಕತ್ತಲೆಗೂ ಒಂದೇ ಅಳತೆ ಸಾಲದು ಎಂಬುದು ನನಗೆ ಅರ್ಥವಾದದ್ದು ಇಲ್ಲಿಯೇ.

ನಮ್ಮ ಮನೆಯಲ್ಲಿ ತಪ್ಪು ಎರಡು ಕಡೆ ಇತ್ತು. ಒಂದು ಟಿವಿಯದು, ಇನ್ನೊಂದು ಫೈಲನ್ನು ಓದುವ ಪ್ಲೇಯರಿನದು. ಟಿವಿಯದನ್ನು ಮೊದಲು ಹೇಳುತ್ತೇನೆ. ಟಿವಿಯ ಎಚ್‌ಡಿಎಂಐ ಕಿಂಡಿಗಳು ಕಾರ್ಖಾನೆಯಿಂದ ಬರುವಾಗ ಸಾಮಾನ್ಯ ಸಂಕೇತಕ್ಕೆ ಹೊಂದಿಕೊಂಡಿದ್ದವು. ಆ ಸ್ಥಿತಿಯಲ್ಲಿ ಟಿವಿ ತನಗೆ ಎಚ್‌ಡಿಆರ್ ಬರುತ್ತದೆ ಎಂಬುದನ್ನು ಬಾಕ್ಸಿಗೆ ಹೇಳುವುದೇ ಇಲ್ಲ. ಸೆಟ್ಟಿಂಗಿನಲ್ಲಿ ಆ ಕಿಂಡಿಗೆ ಮಾತ್ರ ವರ್ಧಿತ ಸಂಕೇತವನ್ನು ಆರಿಸಬೇಕು. ಇದಕ್ಕೆ ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ: ಎಲ್‌ಜಿಯಲ್ಲಿ ಡೀಪ್ ಕಲರ್, ಸ್ಯಾಮ್‌ಸಂಗ್‌ನಲ್ಲಿ ಇನ್‌ಪುಟ್ ಸಿಗ್ನಲ್ ಪ್ಲಸ್, ಸೋನಿಯಲ್ಲಿ ಎನ್‌ಹಾನ್ಸ್ಡ್ ಫಾರ್ಮ್ಯಾಟ್. ಹಾಗೆಯೇ ಹಳೆಯ ಡಿಶ್ ಪೆಟ್ಟಿಗೆಯ ಜೊತೆ ಬಂದ ತಂತಿಯನ್ನೇ ನಾನು ಬಳಸಿದ್ದೆ. ಈ ಬದಲಾವಣೆಯ ನಂತರ ಪರದೆ ನಡುನಡುವೆ ಕಪ್ಪಾಗತೊಡಗಿತು. 4ಕೆ ಚಿತ್ರವನ್ನು ಸೆಕೆಂಡಿಗೆ 60 ಚೌಕಟ್ಟಿನಂತೆ 10 ಬಿಟ್‌ನಲ್ಲಿ ಕಳಿಸಬೇಕಾದರೆ 18 ಗಿಗಾಬಿಟ್ ಹೊರುವ ತಂತಿ ಬೇಕಾಗುತ್ತದೆ. ಪ್ರೀಮಿಯಂ ಹೈಸ್ಪೀಡ್ ಎಂಬ ಗುರುತಿನ ತಂತಿ ಹಾಕಿದ ಮೇಲೆ ಆ ತೊಂದರೆ ಮರಳಿ ಬಂದಿಲ್ಲ. ಬಾಕ್ಸಿನ ಸೆಟ್ಟಿಂಗಿನಲ್ಲಿ ಸದಾ ಎಚ್‌ಡಿಆರ್ ಕಳಿಸುವ ಆಯ್ಕೆಯೂ ಇದೆ, ಅದನ್ನು ಆರಿಸಬೇಡಿ. ಹಳೆಯ ಸಾಧಾರಣ ವಿಡಿಯೊಗಳೂ ಆಗ ಕೃತಕ ಹೊಳಪಿನಿಂದ ಬರುತ್ತವೆ. ವಿಡಿಯೊಗೆ ತಕ್ಕಂತೆ ಬದಲಾಗುವ ಆಯ್ಕೆಯೇ ಸರಿ.

ಇಷ್ಟಾದ ಮೇಲೆ ಯೂಟ್ಯೂಬಿನ ಎಚ್‌ಡಿಆರ್ ವಿಡಿಯೊ ಹಾಕಿದರೆ ಟಿವಿಯ ಮೂಲೆಯಲ್ಲಿ ಎಚ್‌ಡಿಆರ್ ಗುರುತು ಮೂಡಿತು, ಚಿತ್ರ ಕಣ್ಣಿಗೆ ಹಬ್ಬದಂತೆ ಬಂತು. ನಮ್ಮ ಮಹಿಷ ಮಾತ್ರ ಬಿಳಿಚಿಯೇ ಇದ್ದ. ಹಾಗಾದರೆ ತಂತಿ, ಟಿವಿ, ಬಾಕ್ಸಿನ ಚಿಪ್ ಎಲ್ಲವೂ ಸರಿ ಇವೆ, ಉಳಿದದ್ದು ಫೈಲ್ ಮತ್ತು ಅದನ್ನು ಓದುವ ಪ್ಲೇಯರ್ ಎಂಬುದು ಖಚಿತವಾಯಿತು. ದೋಷ ಹುಡುಕುವವರು ಈ ಹೆಜ್ಜೆಯನ್ನು ತಪ್ಪಿಸಬಾರದು. ಸರಿಯಾಗಿ ಬರುವ ಒಂದು ವಿಡಿಯೊ ಕೈಯಲ್ಲಿದ್ದರೆ ಅರ್ಧ ಅಲೆದಾಟ ಉಳಿಯುತ್ತದೆ.

ಕಂಟೇನರ್ ಎಂದರೆ ವಿಡಿಯೊ, ಧ್ವನಿ, ಉಪಶೀರ್ಷಿಕೆಗಳನ್ನು ಒಟ್ಟಿಗೆ ಕಟ್ಟಿಡುವ ವಿಧಾನ. ಒಳಗಿನ ವಿಡಿಯೊ ಒಂದೇ ಆಗಿದ್ದರೂ ಕಟ್ಟು ಬೇರೆ ಆಗಬಹುದು. ಡಾಲ್ಬಿ ವಿಷನ್ ಇದೆ, ಇಂಥ ಪ್ರೊಫೈಲಿನದು ಎಂಬ ವಿವರವನ್ನು ಈ ಕಟ್ಟಿನ ಮೇಲೂ ಬರೆದಿರಬೇಕಾಗುತ್ತದೆ, ಪ್ಲೇಯರ್ ಅದನ್ನು ಅಲ್ಲಿ ಹುಡುಕಬೇಕಾಗುತ್ತದೆ. ನಮ್ಮ ಬಾಕ್ಸಿನ ಒಳಗೇ ಬಂದ ಪ್ಲೇಯರ್ ಎಂಒವಿ ಫೈಲಿನಲ್ಲಿ ಆ ವಿವರವನ್ನು ನೋಡುತ್ತಲೇ ಇರಲಿಲ್ಲ. ನಾನು ಮೊದಲು ಫೈಲನ್ನು ಎಂಕೆವಿಗೆ ಬದಲಿಸಿದೆ. ಅದಕ್ಕೆ ಕಾರಣವಿತ್ತು: ಹಿಮ್ಮೇಳದ ಧ್ವನಿಯನ್ನು ಅಣ್ಣ ಮೈಕಿನವರ ಮಿಕ್ಸರಿನಿಂದ ಬೇರೆಯಾಗಿ ಪಡೆದು ಗುಣಮಟ್ಟ ಕೆಡದ ಎಫ್‌ಎಲ್‌ಎಸಿ ಎಂಬ ಧ್ವನಿ ವಿಧಾನದಲ್ಲಿ ಇಟ್ಟಿದ್ದರು, ಅದನ್ನು ಹಾಗೆಯೇ ಎರಡನೆಯ ಧ್ವನಿಯಾಗಿ ಸೇರಿಸಲು ಎಂಕೆವಿಯಷ್ಟು ಉದಾರವಾದ ಕಂಟೇನರ್ ಇನ್ನೊಂದಿಲ್ಲ. 2002ರಲ್ಲಿ ಆರಂಭವಾದ ಈ ಮುಕ್ತ ವಿಧಾನಕ್ಕೆ ಒಂದರೊಳಗೊಂದು ಇರುವ ರಷ್ಯಾದ ಮರದ ಗೊಂಬೆಗಳ ಹೆಸರಿನಿಂದ ಮಾಟ್ರೋಸ್ಕ ಎಂಬ ಹೆಸರು ಬಂದಿದೆ. ಎಂಕೆವಿ ಆದ ಮೇಲೆ ಟಿವಿಯಲ್ಲಿ ಎಚ್‌ಎಲ್‌ಜಿ ಗುರುತು ಬಂತು, ರಾತ್ರಿ ಮತ್ತೆ ರಾತ್ರಿಯಾಯಿತು. ಡಾಲ್ಬಿ ವಿಷನ್ ಮಾತ್ರ ಬರಲಿಲ್ಲ. ಎಂಕೆವಿಯಲ್ಲಿ ಡಾಲ್ಬಿ ವಿಷನ್ ವಿವರವನ್ನು ಇಡಲು ಅವಕಾಶವಿದೆ, ಮೀಡಿಯಾಇನ್ಫೋ ಅದನ್ನು ತೋರಿಸುತ್ತಲೂ ಇತ್ತು. ಬಾಕ್ಸಿನ ಪ್ಲೇಯರ್ ಅದನ್ನು ಓದುತ್ತಿರಲಿಲ್ಲ ಅಷ್ಟೆ.

ಕೊನೆಗೆ ಅದೇ ವಿಡಿಯೊವನ್ನು ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶದಿಂದ ಎಂಪಿ4 ಕಂಟೇನರಿಗೆ ಬದಲಿಸಿದೆ. ಇದರಲ್ಲಿ ಎರಡು ಸೂಕ್ಷ್ಮಗಳಿವೆ. ವಿಡಿಯೊವನ್ನು ಹೊಸದಾಗಿ ಎನ್‌ಕೋಡ್ ಮಾಡಬಾರದು, ಇದ್ದ ಹಾಗೆ ನಕಲು ಮಾಡುವ ಆಯ್ಕೆಯನ್ನೇ ಕೊಡಬೇಕು. ಆಗ ಗುಣಮಟ್ಟ ಎಳ್ಳಷ್ಟೂ ಕೆಡುವುದಿಲ್ಲ, ಕೆಲಸವೂ ಒಂದೆರಡು ನಿಮಿಷದಲ್ಲಿ ಮುಗಿಯುತ್ತದೆ. ಎರಡನೆಯದಾಗಿ, ನಿಯಮಪಾಲನೆಯ ಮಟ್ಟವನ್ನು ಸಡಿಲಿಸುವ ಆಯ್ಕೆಯನ್ನು ಜೊತೆಗೆ ಕೊಡದಿದ್ದರೆ ಎಫ್‌ಎಫ್‌ಎಂಪೆಗ್ ಡಾಲ್ಬಿ ವಿಷನ್ ವಿವರವನ್ನು ಎಂಪಿ4ನಲ್ಲಿ ಬರೆಯುವುದಿಲ್ಲ. ನಾನು ಆ ಆಯ್ಕೆಯನ್ನು ಮರೆತು ಒಂದು ಸಂಜೆ ಪೂರ್ತಿ ಕಳೆದಿದ್ದೇನೆ. ಆಪಲ್ ಉಪಕರಣಗಳಲ್ಲೂ ನೋಡುವ ಉದ್ದೇಶವಿದ್ದರೆ ವಿಡಿಯೊಗೆ ಎಚ್‌ವಿಸಿ1 ಎಂಬ ಗುರುತು ಹಾಕಬೇಕು. ಎಚ್‌ಇವಿ1 ಎಂದಿದ್ದರೆ ಒಳಗಿನ ವಿಡಿಯೊ ಅದೇ ಆದರೂ ಅವು ಆಡಿಸುವುದಿಲ್ಲ. ಹಿಮ್ಮೇಳದ ಧ್ವನಿಯನ್ನು ಗುಣಮಟ್ಟ ಸ್ವಲ್ಪ ಇಳಿಯುವ ಎಎಸಿ ವಿಧಾನಕ್ಕೆ ಬದಲಿಸಬೇಕಾಯಿತು, ಅದೊಂದು ನಷ್ಟ.

ಎಂಪಿ4 ಫೈಲನ್ನು ತೆರೆದಾಗ ಡಾಲ್ಬಿ ವಿಷನ್ ಗುರುತು ಮೂಡಿತು. ದೊಂದಿಯ ಬೆಂಕಿ ಎದ್ದಾಗ ಜ್ವಾಲೆಯ ಒಳಗಿನ ಕಿತ್ತಳೆ ಮತ್ತು ಹಳದಿ ಬೇರೆಬೇರೆಯಾಗಿ ಕಂಡವು, ಕೆನ್ನೆಯ ಮೇಲಿನ ಚಿಟ್ಟಿಗಳ ನೆರಳು ಕೂಡ ಕಂಡಿತು. ಅಪ್ಪ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ಎಡಗಣ್ಣಿನ ಕೆಳಗೆ ಒಂದು ಚಿಟ್ಟಿ ಉದುರಿದ್ದನ್ನು ಬೆರಳಿಟ್ಟು ತೋರಿಸಿದರು.

ಬೇರೆ ಪ್ಲೇಯರ್ ಆ್ಯಪ್ ಹಾಕಿಕೊಂಡರೆ ಈ ಬದಲಾವಣೆಯ ಶ್ರಮ ಸ್ವಲ್ಪ ಕಡಿಮೆಯಾಗುತ್ತದೆ. ಕೋಡಿಯಲ್ಲಿ ಅದೇ ಎಂಕೆವಿ ಫೈಲ್ ಡಾಲ್ಬಿ ವಿಷನ್ನಿನಲ್ಲೇ ಬಂತು. ಕನ್ನಡ ಉಪಶೀರ್ಷಿಕೆಯ ವಿಷಯದಲ್ಲೂ ಅದು ಮೇಲು: ಬಾಕ್ಸಿನ ಸ್ವಂತ ಪ್ಲೇಯರಿನಲ್ಲಿ ಒತ್ತಕ್ಷರಗಳು ಕಳಚಿಕೊಂಡು ಪಕ್ಕದಲ್ಲಿ ಬಿದ್ದಿರುತ್ತವೆ, ಪದ್ಯದ ಸಾಹಿತ್ಯವನ್ನು ಓದುವಂತೆಯೇ ಇಲ್ಲ. ಕನ್ನಡದ ಬಳಕೆದಾರರಿಗೆ ಮಾರುವ ವಸ್ತುವಿನಲ್ಲಿ ಇದು ಕ್ಷಮಿಸಬಹುದಾದ ಕೊರತೆಯಲ್ಲ.

ಹಳೆಯ ಲ್ಯಾಪ್‌ಟಾಪಿನಲ್ಲಿ ಜೆಲ್ಲಿಫಿನ್ ಎಂಬ ಸರ್ವರ್ ತಂತ್ರಾಂಶ ಹಾಕಿ ಮನೆಯ ವೈಫೈ ಮೂಲಕವೂ ನೋಡಿದ್ದೇನೆ. ಅಣ್ಣನ ಫೈಲುಗಳು ಸೆಕೆಂಡಿಗೆ ಸುಮಾರು 24 ಮೆಗಾಬಿಟ್ ಕೇಳುತ್ತವೆ. 2.4 ಗಿಗಾಹರ್ಟ್ಸ್ ವೈಫೈ ನಮ್ಮ ಕೆಂಪುಕಲ್ಲಿನ ದಪ್ಪ ಗೋಡೆಗಳನ್ನು ದಾಟಿ ಅಷ್ಟನ್ನು ತಡೆಯಿಲ್ಲದೆ ಒಯ್ಯಲಿಲ್ಲ. ತಂತಿ ಎಳೆದ ಮೇಲೆ ಬಾಕ್ಸಿನ 100 ಮೆಗಾಬಿಟ್ ಕಿಂಡಿಯೇ ಧಾರಾಳವಾಗಿ ಸಾಕಾಯಿತು. ಗಮನಿಸಬೇಕಾದದ್ದು ಬೇರೆ: ಬಾಕ್ಸಿಗೆ ಹಿಡಿಸದ ಧ್ವನಿಯೋ ಚಿತ್ರರೂಪದ ಉಪಶೀರ್ಷಿಕೆಯೋ ಫೈಲಿನಲ್ಲಿದ್ದರೆ ಸರ್ವರ್ ಪರಿವರ್ತನೆಗೆ ಇಳಿಯುತ್ತದೆ. ಧ್ವನಿಯಷ್ಟೇ ಆದರೆ ಚಿಂತೆಯಿಲ್ಲ, ಉಪಶೀರ್ಷಿಕೆಯನ್ನು ಚಿತ್ರದ ಮೇಲೆ ಅಚ್ಚೊತ್ತುವಾಗ ಮಾತ್ರ ಇಡೀ ವಿಡಿಯೊ ಹೊಸದಾಗಿ ಎನ್‌ಕೋಡ್ ಆಗಿ ಎಚ್‌ಡಿಆರ್ ಹೋಗಿಬಿಡುತ್ತದೆ. ಲ್ಯಾಪ್‌ಟಾಪಿನ ಫ್ಯಾನ್ ಜೋರಾಗಿ ತಿರುಗತೊಡಗಿತೆಂದರೆ ಪರಿವರ್ತನೆ ನಡೆಯುತ್ತಿದೆ ಎಂದೇ ತಿಳಿಯಬಹುದು.

ಚಿತ್ರ ಬಿಳಿಚುವುದರ ಬದಲು ನೇರಳೆ ಮತ್ತು ಹಸಿರಿಗೆ ತಿರುಗಿದರೆ ಕಾರಣ ಬೇರೆಯೇ. ಟಿವಿಯ ಪರೀಕ್ಷೆಗೆಂದು ತಂದ ಒಂದು ಮಾದರಿ ಫೈಲ್ ಹೀಗಾಯಿತು. ಅದು ಡಾಲ್ಬಿ ವಿಷನ್‌ನ 5ನೆಯ ಪ್ರೊಫೈಲ್. ಅದರ ತಳದಲ್ಲಿ ಎಚ್‌ಡಿಆರ್10 ಆಗಲಿ ಎಚ್‌ಎಲ್‌ಜಿ ಆಗಲಿ ಇಲ್ಲ, ಬಣ್ಣವನ್ನು ಬರೆಯುವ ರೀತಿಯೇ ಬೇರೆ. ಡಾಲ್ಬಿ ವಿಷನ್ ತಿಳಿದ ಪ್ಲೇಯರಿನಲ್ಲದೆ ಅದನ್ನು ನೋಡುವಂತಿಲ್ಲ. ಟಿವಿ ಕೆಟ್ಟಿದೆಯೆಂದು ಯಾರೂ ಗಾಬರಿಯಾಗಬೇಕಾಗಿಲ್ಲ.

ಮಳೆಗಾಲದಲ್ಲಿ ಇನ್ನೊಂದು ದೋಷ ಬೆಳಕಿಗೆ ಬಂತು. ಕರೆಂಟ್ ಹೋಗಿ ಬಂದಾಗ ಬಾಕ್ಸ್ ಟಿವಿಗಿಂತ ಮೊದಲು ಎಚ್ಚರಗೊಳ್ಳುತ್ತದೆ. ಎದುರಿನ ಟಿವಿಯ ಸಾಮರ್ಥ್ಯ ತಿಳಿಯದೆ 1080ಪಿ, ಸಾಧಾರಣ ಬಣ್ಣ ಎಂದು ತಾನೇ ತೀರ್ಮಾನಿಸಿ ಹಾಗೆಯೇ ಉಳಿಯುತ್ತದೆ. ಟಿವಿ ಹಾಕಿದ ಮೇಲೆ ಬಾಕ್ಸನ್ನು ಮತ್ತೊಮ್ಮೆ ಆರಿಸಿ ಹಚ್ಚಿದರೆ ಸರಿಯಾಗುತ್ತದೆ. ಕಂಪನಿಯ ಸಹಾಯವಾಣಿಯಲ್ಲಿ ಮಲಯಾಳ, ತಮಿಳು, ಹಿಂದಿ, ಇಂಗ್ಲಿಷ್ ಇದ್ದವು, ಕನ್ನಡ ಇರಲಿಲ್ಲ. ನಾನು ಮಲಯಾಳದಲ್ಲಿ ಎರಡು ಸಲ ಮಾತನಾಡಿದೆ. ಎಂಒವಿ ಫೈಲಿನ ತೊಂದರೆಯನ್ನು ವಿವರಿಸಿದಾಗಲೂ, ಕರೆಂಟಿನ ತೊಂದರೆಯನ್ನು ವಿವರಿಸಿದಾಗಲೂ ಎಲ್ಲವನ್ನೂ ಅಳಿಸಿ ಮೊದಲಿನಿಂದ ಹೊಂದಿಸಿ ಎಂಬ ಒಂದೇ ಉತ್ತರ ಬಂತು.

ಫೋನಿನಲ್ಲಿ ತೆಗೆದ ಮದುವೆ, ಉಪನಯನ, ಆಟಗಳ ವಿಡಿಯೊವನ್ನು ದೊಡ್ಡ ಪರದೆಯಲ್ಲಿ ನೋಡಲು ಈ ಬೆಲೆಯ ಬಾಕ್ಸ್ ಕೊಳ್ಳುವವರು ತಮ್ಮದೇ ಒಂದು ಫೈಲನ್ನು ಪೆನ್‌ಡ್ರೈವಿನಲ್ಲಿ ಅಂಗಡಿಗೆ ಒಯ್ದು, ಅಲ್ಲಿಯ ಟಿವಿಗೆ ಸಿಕ್ಕಿಸಿ, ಮೂಲೆಯಲ್ಲಿ ಯಾವ ಗುರುತು ಬರುತ್ತದೆಂದು ನೋಡಿಯೇ ಹಣ ಕೊಡಲಿ. ಗುರುತು ಬಾರದಿದ್ದರೆ ಕಂಟೇನರ್ ಬದಲಿಸುವ ಕೆಲಸ ತಮ್ಮಿಂದಾಗುತ್ತದೆಯೇ ಎಂದು ಯೋಚಿಸಿಕೊಳ್ಳಬೇಕು. ನಾನು ಬಾಕ್ಸನ್ನು ಹಿಂದಿರುಗಿಸಲಿಲ್ಲ. ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಯವರೆಗಿನ ಆಟಗಳ 31 ಫೈಲುಗಳನ್ನು ಎಂಪಿ4ಗೆ ಬದಲಿಸಿ ಟಿವಿಯ ಹಿಂದಿನ ಡ್ರೈವಿನಲ್ಲಿ ಇಟ್ಟಿದ್ದೇನೆ. ಅಣ್ಣ ಕೊಟ್ಟ ಎಂಒವಿ ಫೈಲುಗಳು ಮತ್ತು ಹಿಮ್ಮೇಳದ ಎಫ್‌ಎಲ್‌ಎಸಿ ಧ್ವನಿಗಳು ಬೇರೊಂದು ಡಿಸ್ಕಿನಲ್ಲಿ ಬಂದ ಹಾಗೆಯೇ ಇವೆ.