‘ಕರಗುತ್ತೆ ಸರ್’ ಅಂತ ಕೊಡುವ ಕವರ್: ದಾವಣಗೆರೆ ಪೇಟೆಯ ಮೂರು ‘ಪರಿಸರಸ್ನೇಹಿ’ ಚೀಲಗಳ ವಿಮರ್ಶೆ

ಮಂಡಿಪೇಟೆಯಲ್ಲಿ ಬೇಳೆ ಕಟ್ಟಿಸಿ ಕವರ್ ಕೇಳಿದರೆ ಹಾಲುಬಣ್ಣದ, ಮುಟ್ಟಿದರೆ ಮೆತ್ತಗೆ ಜಾರುವ ಚೀಲವೊಂದು ಕೈಗೆ ಬರುತ್ತದೆ. “ಇದು ಪ್ಲಾಸ್ಟಿಕ್ ಅಲ್ಲ ಸರ್, ಕರಗುತ್ತೆ” ಎಂಬ ಮಾತೂ ಜತೆಗೇ ಬರುತ್ತದೆ. ಚೌಕಿಪೇಟೆಯ ಬಟ್ಟೆ ಅಂಗಡಿಯಲ್ಲಿ ಸೀರೆಯ ಜತೆ ಸಿಗುವುದು ಹಸಿರು ಎಲೆಯ ಚಿತ್ರವಿರುವ ‘ಬಟ್ಟೆ ಬ್ಯಾಗ್’. ಮೂರನೆಯದು ದುಡ್ಡು ಕೊಟ್ಟು ಕೊಳ್ಳುವ ಹತ್ತಿ ಚೀಲ. ಅದರ ಹಿಡಿಗೆ ‘100% ಆರ್ಗ್ಯಾನಿಕ್ ಕಾಟನ್’ ಎಂಬ ಚೀಟಿ ತೂಗುತ್ತಿದೆ. ಮೂರರ ಮೇಲೂ ‘ಪರಿಸರಸ್ನೇಹಿ’ ಎಂದು ಅಚ್ಚಾಗಿದೆ. ಮೂರನ್ನೂ ತೂಗಿ, ನೀರಿಗೆ ಹಾಕಿ, ಅಚ್ಚಿನ ಒಂದೊಂದು ಅಕ್ಷರ ಓದಿ ಬರೆದ ವಿಮರ್ಶೆ ಇದು. ಇಂಥವೇ ಚೀಲಗಳು ಎಷ್ಟೋ ಅಂಗಡಿಗಳಲ್ಲಿ ಸಿಗುವುದರಿಂದ ಯಾವ ಅಂಗಡಿಯ ಹೆಸರನ್ನೂ ಹೇಳುತ್ತಿಲ್ಲ.

ಅಳತೆಗೋಲು ಯಾವುದು ಎಂಬುದನ್ನು ಮೊದಲೇ ಹೇಳಬೇಕು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್ 15ರಂದು ಗ್ರೀನ್‌ವಾಷಿಂಗ್ (ಹಸಿರಲ್ಲದ್ದನ್ನು ಹಸಿರೆಂದು ಬಿಂಬಿಸುವುದು) ತಡೆಯುವ ಮಾರ್ಗಸೂಚಿ ಹೊರಡಿಸಿತು. ‘ಹಸಿರು’, ‘ಪರಿಸರಸ್ನೇಹಿ’, ‘ನೈಸರ್ಗಿಕ’, ‘ಆರ್ಗ್ಯಾನಿಕ್’ ಇಂಥ ಪದಗಳನ್ನು ಬರಿದೇ ಬಳಸುವಂತಿಲ್ಲ. ಯಾವ ಅರ್ಥದಲ್ಲಿ ಹೇಳುತ್ತಿದ್ದೇವೆ ಎಂಬ ವಿವರಣೆ ಪಕ್ಕದಲ್ಲೇ ಇರಬೇಕು, ಅದಕ್ಕೆ ಪುರಾವೆಯೂ ಇರಬೇಕು. ‘ಗೊಬ್ಬರವಾಗುತ್ತದೆ’, ‘ಪ್ಲಾಸ್ಟಿಕ್ ಮುಕ್ತ’, ‘ಮರುಬಳಕೆಗೆ ಯೋಗ್ಯ’ ಎಂಬಂಥ ನಿರ್ದಿಷ್ಟ ಮಾತಿಗೆ ನಂಬುವಂಥ ಪ್ರಮಾಣಪತ್ರವೋ ವೈಜ್ಞಾನಿಕ ಸಾಕ್ಷ್ಯವೋ ಮೂರನೆಯವರ ಪರಿಶೀಲನೆಯೋ ಬೇಕು. ಆ ಗುಣ ಇಡೀ ವಸ್ತುವಿನದೋ, ಅದರ ಒಂದು ಭಾಗದ್ದೋ, ತಯಾರಿಕೆಯದೋ, ಬರೀ ಪ್ಯಾಕಿಂಗಿನದೋ ಎಂಬುದನ್ನೂ ಹೇಳಬೇಕು. ಕ್ಯೂಆರ್ ಕೋಡ್ ಅಥವಾ ಜಾಲತಾಣದ ವಿಳಾಸದ ಮೂಲಕ ವಿವರ ಕೊಡಲು ಅವಕಾಶವಿದೆ.

ಮೊದಲು ‘ಬಟ್ಟೆ ಬ್ಯಾಗ್’. ಇದರ ತೀರ್ಮಾನಕ್ಕೆ ಹೆಚ್ಚು ಹೊತ್ತು ಬೇಕಿಲ್ಲ, ಏಕೆಂದರೆ ಅದು ಬಟ್ಟೆಯೇ ಅಲ್ಲ. ಬೆಳಕಿಗೆ ಹಿಡಿದರೆ ಹಾಸು-ಹೊಕ್ಕು ಕಾಣುವುದಿಲ್ಲ. ಸಣ್ಣ ಚುಕ್ಕಿಗಳ ಸಾಲು ಕಾಣುತ್ತದೆ. ಪಾಲಿಪ್ರೊಪಿಲೀನ್ ಎಳೆಗಳನ್ನು ಬಿಸಿ ಒತ್ತಿ ಅಂಟಿಸಿದ ಗುರುತು ಅದು. ನೇಯ್ಗೆ ಇಲ್ಲದ್ದರಿಂದಲೇ ಇದಕ್ಕೆ ನಾನ್ ವೋವನ್ ಎಂಬ ಹೆಸರು. ಅಂಚಿನ ಒಂದು ಎಳೆಯನ್ನು ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರಿದರೆ ಬೂದಿಯಾಗದೆ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಬೂದಿ ಉದುರುತ್ತದೆ.

ಕೇಂದ್ರದ ಪ್ಲಾಸ್ಟಿಕ್ ತ್ಯಾಜ್ಯ ನಿಯಮದಂತೆ 2021ರ ಸೆಪ್ಟೆಂಬರ್ 30ರಿಂದ ನಾನ್ ವೋವನ್ ಚೀಲ ಚದರ ಮೀಟರಿಗೆ 60 ಗ್ರಾಂಗಿಂತ ಕಡಿಮೆ ಇರಕೂಡದು. ಇದನ್ನು ಮನೆಯಲ್ಲೇ ಅಳೆಯಬಹುದು: 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ತುಂಡು ಕತ್ತರಿಸಿ ಬಂಗಾರ ತೂಗುವಂಥ ಸಣ್ಣ ತಕ್ಕಡಿಯಲ್ಲಿಟ್ಟು, ಬಂದ ಗ್ರಾಂ ಅನ್ನು ನೂರರಿಂದ ಗುಣಿಸಿ. 0.60 ಗ್ರಾಂ ಬರಬೇಕಾದಲ್ಲಿ ಈ ಚೀಲದ ತುಂಡು 0.36 ತೂಗಿತು. ಅಂದರೆ ಕೇಂದ್ರದ ಲೆಕ್ಕಕ್ಕೂ ಇದು ಇಳಿದ ಮಾಲು. ಅದಲ್ಲದೆ ಕರ್ನಾಟಕದಲ್ಲಿ 2016ರ ಮಾರ್ಚ್‌ನಿಂದ ದಪ್ಪ ಎಷ್ಟೇ ಇರಲಿ, ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧವಿದೆ. ಇದರ ಮೇಲಿನ ಎಲೆಯ ಚಿತ್ರ ಪೂರ್ತಿ ಸುಳ್ಳು. ಈ ಚೀಲಕ್ಕೆ ಅಂಕವಿಲ್ಲ.

ಹಾಲುಬಣ್ಣದ ಚೀಲದ ವಿಷಯ ಇಷ್ಟು ಸರಳವಲ್ಲ. ತೊಡಕೆಲ್ಲ ‘ಕರಗುತ್ತೆ’ ಎಂಬ ಮಾತಿನಲ್ಲೇ ಇದೆ. ಸಕ್ಕರೆ ನೀರಲ್ಲಿ ಕರಗುತ್ತದೆ, ಬಾಳೆಸಿಪ್ಪೆ ಕೊಳೆಯುತ್ತದೆ, ಬಿಸಿಲಿಗೆ ಬಿದ್ದ ಹಳೇ ಟಾರ್ಪಾಲು ಪುಡಿಯಾಗುತ್ತದೆ. ಈ ಮೂರೂ ಒಂದೇ ಅಲ್ಲ. ‘ಆಕ್ಸೋ’ ಎಂಬ ಮುನ್ನುಡಿ ಹೊತ್ತು ಬರುವ ಚೀಲಗಳದು ಟಾರ್ಪಾಲಿನ ಜಾತಿ. ಮಾಮೂಲಿ ಪಾಲಿಥೀನಿಗೆ ಒಂದು ರಾಸಾಯನಿಕ ಬೆರೆಸಿರುತ್ತಾರೆ, ಅದು ಚೂರುಚೂರಾಗುತ್ತದೆ, ಚೂರು ಮಣ್ಣಲ್ಲೇ ಉಳಿಯುತ್ತದೆ. ಐರೋಪ್ಯ ಒಕ್ಕೂಟ 2021ರ ಜುಲೈನಿಂದ ಇಂಥದ್ದನ್ನು ಮಾರುವುದನ್ನೇ ನಿಲ್ಲಿಸಿದೆ. ನಿಜವಾಗಿ ಗೊಬ್ಬರವಾಗುವ ಚೀಲಗಳನ್ನು ಸಾಮಾನ್ಯವಾಗಿ ಪಿಬಿಎಟಿ ಎಂಬ ಪಾಲಿಮರಿಗೆ ಪಿಎಲ್‌ಎ (ಸಸ್ಯಮೂಲದ ಇನ್ನೊಂದು ಪಾಲಿಮರ್) ಅಥವಾ ಪಿಷ್ಟ ಸೇರಿಸಿ ಮಾಡುತ್ತಾರೆ. ಪಿಬಿಎಟಿ ಬಹುಮಟ್ಟಿಗೆ ಪೆಟ್ರೋಲಿಯಂ ಮೂಲದ್ದೇ. ಹಾಗಾಗಿ ‘ಪ್ಲಾಸ್ಟಿಕ್ ಅಲ್ಲ’ ಎಂಬ ಮಾತು ತಪ್ಪು. ಇದು ಗೊಬ್ಬರವಾಗಬಲ್ಲ ಪ್ಲಾಸ್ಟಿಕ್.

ಇಂಥ ಪ್ಲಾಸ್ಟಿಕ್ಕಿಗೆ ಇರುವ ಮಾನದಂಡ ಐಎಸ್/ಐಎಸ್‌ಒ 17088. ಪ್ರಯೋಗಶಾಲೆಯಲ್ಲಿ ಸುಮಾರು 58 ಡಿಗ್ರಿ ಶಾಖದ ಗೊಬ್ಬರದೊಳಗೆ ಇಟ್ಟಾಗ 180 ದಿನದೊಳಗೆ ಅದರ ಇಂಗಾಲದ ನೂರಕ್ಕೆ 90 ಪಾಲು ಇಂಗಾಲದ ಡೈಆಕ್ಸೈಡ್ ಆಗಬೇಕು. 84 ದಿನದ ನಂತರ 2 ಮಿ.ಮೀ. ಜರಡಿಯಲ್ಲಿ ಒಣತೂಕದ ನೂರಕ್ಕೆ 10ಕ್ಕಿಂತ ಹೆಚ್ಚು ಉಳಿಯಬಾರದು. ಆ ಗೊಬ್ಬರದಲ್ಲಿ ಬೀಜ ಮೊಳೆಯುವುದಕ್ಕೂ ಕುಂದು ಬರಬಾರದು, ಭಾರಲೋಹಗಳೂ ಮಿತಿ ಮೀರಬಾರದು. ಮಾನದಂಡ ಗಟ್ಟಿಯಾಗಿಯೇ ಇದೆ. ಆದರೆ 58 ಡಿಗ್ರಿ ಎಂಬುದನ್ನು ಮರೆಯುವಂತಿಲ್ಲ. ಮನೆ ಹಿತ್ತಲ ಗುಂಡಿಯಲ್ಲಿ ಆ ಶಾಖ ನಿಲ್ಲುವುದಿಲ್ಲ. ಹಳ್ಳಿಯ ದೊಡ್ಡ ತಿಪ್ಪೆ ಒಳಗೊಳಗೆ ಕಾದರೂ ವಾರಗಟ್ಟಲೆ ಅದೇ ಬಿಸಿ ಹಿಡಿದಿಡಲಾರದು. ಚರಂಡಿಯಲ್ಲೋ ಹಸುವಿನ ಹೊಟ್ಟೆಯಲ್ಲೋ ಈ ಚೀಲ ‘ಕರಗುತ್ತೆ’ ಎಂದು ಆ ಮಾನದಂಡ ಎಲ್ಲೂ ಹೇಳುವುದಿಲ್ಲ.

ಚೀಲ ಅಸಲಿಯೇ ಎಂದು ತಿಳಿಯಲು ಒಂದು ಲೋಟ ನೀರು ಸಾಕು. ಉಗುರಿನಷ್ಟು ತುಂಡು ಕತ್ತರಿಸಿ. ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿ. ತುಂಡನ್ನು ಅದರಲ್ಲಿ ಅದ್ದಿ, ಅಂಟಿದ ಗಾಳಿಗುಳ್ಳೆ ಹೋಗುವಂತೆ ಬೆರಳಲ್ಲಿ ತಿಕ್ಕಿ ಬಿಡಿ. ಗುಳ್ಳೆ ಉಳಿದರೆ ಎಂಥ ಚೀಲವೂ ತೇಲಿಬಿಡುತ್ತದೆ, ಪರೀಕ್ಷೆ ಕೆಡುವುದು ಅಲ್ಲೇ. ನೀರಿನ ಸಾಂದ್ರತೆ 1, ಪಾಲಿಥೀನಿನದು 0.91ರಿಂದ 0.96, ಅದು ತೇಲಲೇಬೇಕು. ಪಿಬಿಎಟಿ, ಪಿಎಲ್‌ಎ ಎರಡೂ 1.2ರ ಮೇಲೆ, ಅವು ಮುಳುಗುತ್ತವೆ. ಒಂದು ಎಚ್ಚರಿಕೆ: ಪಾಲಿಥೀನಿಗೆ ಸೀಮೆಸುಣ್ಣದ ಪುಡಿ ಧಾರಾಳವಾಗಿ ಬೆರೆಸಿದರೆ ಅದೂ ಮುಳುಗುತ್ತದೆ. ಆದ್ದರಿಂದ ತೇಲಿದರೆ ನಕಲಿ ಎಂದು ಹೇಳಿಬಿಡಬಹುದು, ಮುಳುಗಿದ ಮಾತ್ರಕ್ಕೆ ಅಸಲಿ ಎನ್ನಲಾಗದು. ಮಂಡಿಪೇಟೆಯ ಚೀಲ ಮುಳುಗಿತು.

ಇನ್ನು ಅಚ್ಚು. ಇಂಥ ಚೀಲವನ್ನು ಮಾರುಕಟ್ಟೆಗೆ ಬಿಡುವ ಮೊದಲು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಕಡ್ಡಾಯ. ತಯಾರಕರ ಹೆಸರು, ಪ್ರಮಾಣಪತ್ರದ ಸಂಖ್ಯೆ ಎರಡೂ ಚೀಲದ ಮೇಲೆ ಅಚ್ಚಾಗಿಯೋ ಕ್ಯೂಆರ್ ಕೋಡ್‌ನಂಥದ್ದರ ಮೂಲಕವೋ ಸಿಗಬೇಕು. ಈ ಚೀಲದಲ್ಲಿ ಸಂಖ್ಯೆ ಇದೆ, ಹೆಸರಿನ ಜಾಗದಲ್ಲಿ ಬರೀ ಒಂದು ಲೋಗೋ. ಇದನ್ನು ಸಣ್ಣ ಕೊರತೆ ಎನ್ನಲು ಮನಸ್ಸಾಗುವುದಿಲ್ಲ. ಒಬ್ಬರಿಗೆ ಕೊಟ್ಟ ಸಂಖ್ಯೆಯನ್ನು ಇನ್ನೊಬ್ಬರು ಅಚ್ಚು ಹಾಕಿಸಿಕೊಂಡರೆ ಹಿಡಿಯಲು ಇರುವ ದಾರಿ ಒಂದೇ: ಮಂಡಳಿಯ ಪಟ್ಟಿಯಲ್ಲಿ ಆ ಸಂಖ್ಯೆಯ ಮುಂದಿರುವ ಹೆಸರೂ ಚೀಲದ ಮೇಲಿನ ಹೆಸರೂ ತಾಳೆಯಾಗುತ್ತವೆಯೇ ಎಂದು ನೋಡುವುದು. ಹೆಸರೇ ಇಲ್ಲದಿದ್ದರೆ ತಾಳೆ ನೋಡುವುದು ಯಾವುದನ್ನು? ‘17088 ಪ್ರಕಾರ ತಯಾರಿಸಿದ್ದು’ ಎಂದಷ್ಟೇ ಬರೆದು ಸಂಖ್ಯೆ ಕೊಡದ ಚೀಲಗಳೂ ಇವೆ, ಅವನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ‘ಐಎಸ್‌ಒ 9001’ ಎಂದು ದಪ್ಪಕ್ಷರದಲ್ಲಿ ಹಾಕಿದ್ದರೆ ಅದು ಕಾರ್ಖಾನೆಯ ಗುಣಮಟ್ಟ ನಿರ್ವಹಣೆಯ ಮಾತು, 14001 ಆದರೆ ಕಾರ್ಖಾನೆಯ ಪರಿಸರ ನಿರ್ವಹಣೆಯದು. ಕೈಯಲ್ಲಿರುವ ಚೀಲದ ಬಗ್ಗೆ ಎರಡೂ ಏನನ್ನೂ ಹೇಳುವುದಿಲ್ಲ.

ಬಳಕೆಯಲ್ಲಿ ಹೇಗೆ? ಎರಡು ಕೆಜಿ ಈರುಳ್ಳಿಗೆ ತೊಂದರೆಯಿಲ್ಲ, ಮಂಡಕ್ಕಿಗಂತೂ ಧಾರಾಳ. ಐದು ಕೆಜಿ ಅಕ್ಕಿ ಹಾಕಿದಾಗ ಹಿಡಿ ಎಳೆದುಕೊಂಡು ಉದ್ದವಾಯಿತು, ಹರಿಯಲಿಲ್ಲ. ಶಾಖ ಮತ್ತು ತೇವ ಸೇರಿದರೆ ಈ ಪಾಲಿಮರ್ ನಿಧಾನಕ್ಕೆ ಬಲ ಕಳೆದುಕೊಳ್ಳುತ್ತದೆ. ತಗಡಿನ ಶೀಟಿನ ಗೋದಾಮಿನಲ್ಲಿ ನಮ್ಮ ಬೇಸಿಗೆ ಕಳೆದ ಕಟ್ಟು ತಳದ ಸೀಲಿನಲ್ಲಿ ಬಿಟ್ಟುಕೊಳ್ಳುವುದು ಅದಕ್ಕೇ. ಅಂಗಡಿಯವರು ಒಂದು ವರ್ಷಕ್ಕಾಗುವಷ್ಟು ತಂದಿಡದೆ ಎರಡು ಮೂರು ತಿಂಗಳಿಗಾಗುವಷ್ಟು ತರಿಸುವುದು ಲೇಸು. ಬೆಣ್ಣೆದೋಸೆಯನ್ನು ಹೆಂಚಿನಿಂದ ತೆಗೆದು ನೇರ ಇದಕ್ಕೆ ಹಾಕಬೇಡಿ, ಬಾಳೆಎಲೆ, ಕಾಗದ ಒಳಗಿರಲಿ. ಒಟ್ಟಿನಲ್ಲಿ ಐದಕ್ಕೆ ಎರಡೂವರೆ. ಹೆಸರು ಅಚ್ಚಾಗಿದ್ದಿದ್ದರೆ ಮೂರೂವರೆ ಕೊಡಬಹುದಿತ್ತು.

ಹತ್ತಿ ಚೀಲ ಹತ್ತಿಯದೇ, ಎಳೆ ಸುಟ್ಟಾಗ ಬೂದಿಯಾಯಿತು. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರಿನಲ್ಲಿ ಹೊಲಿಗೆ ಚೆನ್ನಾಗಿಲ್ಲದ ಹತ್ತಿ ಚೀಲ ಮಾರಿದರೆ ಬೇಜಾರಾಗುತ್ತದೆ. ಇದರ ಹೊಲಿಗೆ ಮಾತ್ರ ಗಟ್ಟಿ, ಹಿಡಿಯ ಬುಡದಲ್ಲಿ ಚೌಕ ಹಾಕಿ ಅಡ್ಡಡ್ಡ ಹೊಲಿದಿದ್ದಾರೆ. ತಕರಾರಿರುವುದು ಚೀಟಿಯ ಬಗ್ಗೆ. ಜವಳಿಯಲ್ಲಿ ‘ಆರ್ಗ್ಯಾನಿಕ್’ ಎನ್ನಲು ಜಗತ್ತು ಒಪ್ಪುವ ಮಾನದಂಡ ಗಾಟ್ಸ್ (ಗ್ಲೋಬಲ್ ಆರ್ಗ್ಯಾನಿಕ್ ಟೆಕ್ಸ್‌ಟೈಲ್ ಸ್ಟ್ಯಾಂಡರ್ಡ್). ಎಳೆಯಲ್ಲಿ ನೂರಕ್ಕೆ 95 ಸಾವಯವ ಇದ್ದರೆ ‘ಆರ್ಗ್ಯಾನಿಕ್’, 70 ಇದ್ದರೆ ‘ಆರ್ಗ್ಯಾನಿಕ್ ಎಳೆ ಬಳಸಿ ಮಾಡಿದ್ದು’. ಲೇಬಲ್ಲಿನಲ್ಲಿ ಪ್ರಮಾಣೀಕರಿಸಿದ ಸಂಸ್ಥೆಯ ಗುರುತು, ಪರವಾನಗಿ ಸಂಖ್ಯೆ ಇರಬೇಕು. ಸಂಖ್ಯೆಯನ್ನು ಅವರ ಸಾರ್ವಜನಿಕ ದಾಖಲೆಯಲ್ಲಿ ಯಾರು ಬೇಕಾದರೂ ಹುಡುಕಬಹುದು. ಈ ಚೀಟಿಯಲ್ಲಿ ಎರಡೂ ಇಲ್ಲ. ಮೇಲಿನ ಹಸಿರು ಚಿತ್ರವಂತೂ ರಬ್ಬರಿನಂತೆ ದಪ್ಪಗೆ ಕೂತು, ಉಗುರಲ್ಲಿ ಕೆರೆದರೆ ಪದರವಾಗಿ ಏಳುತ್ತದೆ. ಇದು ಪಿವಿಸಿ ಬೆರೆತ ಅಚ್ಚೇ ಆಗಿದ್ದರೆ ಗಾಟ್ಸ್ ಅದನ್ನು ಒಪ್ಪುವುದೇ ಇಲ್ಲ.

ಕಾಗದವೊಂದನ್ನೇ ನಂಬಿದರೂ ಸಾಲದು. 2020ರಲ್ಲಿ ಭಾರತದ 20,000 ಟನ್ ಹತ್ತಿಗೆ ಸಾವಯವ ಎಂದು ತೋರಿಸುವ ನಕಲಿ ವಹಿವಾಟು ಪತ್ರ ಸೃಷ್ಟಿಯಾಗಿದ್ದನ್ನು ಗಾಟ್ಸ್ ತಾನೇ ಪತ್ತೆ ಹಚ್ಚಿ, ಹೊರಗೆ ಹೇಳಿ, ಹನ್ನೊಂದು ಕಂಪನಿಗಳನ್ನು ಹೊರಹಾಕಿತು. ಆ ಮಾನದಂಡದ ಮೇಲೆ ನಂಬಿಕೆ ಇಡಬಹುದು ಎನ್ನಲು ಇದೂ ಒಂದು ಕಾರಣ. ನಿಯಮ ಬರೆಯುವವರು, ತಪಾಸಣೆ ಮಾಡುವವರು, ಮಾಲು ಮಾರುವವರು ಬೇರೆಬೇರೆ ಇದ್ದು, ತಪ್ಪು ಸಿಕ್ಕಾಗ ಮುಚ್ಚಿಡದಿದ್ದರೆ ಮಾತ್ರ ಆ ಮುದ್ರೆಗೆ ಬೆಲೆ.

ಹತ್ತಿ ಎಂದ ಮಾತ್ರಕ್ಕೆ ಹಸಿರು ಎನ್ನುವಂತೆಯೂ ಇಲ್ಲ. ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಹಾಕಿದ ಲೆಕ್ಕದಲ್ಲಿ, ಒಮ್ಮೆ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಚೀಲಕ್ಕಿಂತ ಹವಾಮಾನದ ಹೊರೆ ಕಡಿಮೆಯಾಗಬೇಕಾದರೆ ಹತ್ತಿ ಚೀಲವನ್ನು 131 ಸಲ ಬಳಸಬೇಕು. ವಾರಕ್ಕೆ ಎರಡು ಸಲ ಸಂತೆಗೆ ಒಯ್ದರೆ ಒಂದೂಕಾಲು ವರ್ಷ. ಈ ಚೀಲದ ಹೊಲಿಗೆ ಅಷ್ಟು ಕಾಲ ತಡೆಯುತ್ತದೆ ಎನಿಸಿತು. ಅದಕ್ಕೇ ಚೀಲಕ್ಕೆ ನಾಲ್ಕು, ಚೀಟಿಗೆ ಸೊನ್ನೆ. ಈಗಾಗಲೇ ಮನೆಯಲ್ಲಿ ನಾಲ್ಕಾರು ಹತ್ತಿ ಚೀಲ ಇರುವವರು ಇದನ್ನು ಕೊಳ್ಳುವುದು ಬೇಡ.

ಅಂದಹಾಗೆ, ಸರ್ಕಾರದ್ದೇ ಆದ ಇಕೋಮಾರ್ಕ್ ಮುದ್ರೆ ಈ ಮೂರರಲ್ಲಿ ಯಾವುದಕ್ಕೂ ಇಲ್ಲ. 1991ರ ಮಣ್ಣಿನ ಮಡಕೆ ಗುರುತಿನ ಯೋಜನೆಯ ಜಾಗಕ್ಕೆ 2024ರಲ್ಲಿ ಹೊಸ ಇಕೋಮಾರ್ಕ್ ನಿಯಮ ಬಂದಿದೆ.

ದೂರು ಕೊಡುವುದಾದರೆ ಚೀಲದ ಎರಡೂ ಮಗ್ಗುಲಿನ ಫೋಟೊ, ಬಿಲ್ಲು, ಮತ್ತು ಚೀಲವನ್ನೇ ಜೋಪಾನವಾಗಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ತಯಾರಕರ ಮೇಲೆ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಕಿರಾಣಿ ಅಂಗಡಿಯವರ ಮೇಲೆ ರೇಗುವುದು ಬೇಡ, ಹೋಲ್‌ಸೇಲ್‌ನವರು ಹೇಳಿದ್ದನ್ನೇ ಅವರು ಹೇಳುತ್ತಿರುತ್ತಾರೆ. “ಅಣ್ಣಾ, ಮುಂದಿನ ಸಲ ಮಾಲು ತರೋವಾಗ ಸರ್ಟಿಫಿಕೇಟ್ ಜೆರಾಕ್ಸ್ ಒಂದು ಇಸ್ಕೊಳ್ಳಿ” ಎಂದರೆ ಆ ಪ್ರಶ್ನೆ ತಯಾರಕರವರೆಗೂ ಮುಟ್ಟುತ್ತದೆ.

ಹಾಲುಬಣ್ಣದ ಚೀಲ ಈಗಾಗಲೇ ಮನೆಗೆ ಬಂದಿದ್ದರೆ ಹರಿಯುವವರೆಗೆ ಬಳಸಿ. ಆಮೇಲೆ ಪಾಲಿಥೀನಿನ ಜತೆ ಒಣಕಸಕ್ಕೆ ಹಾಕಬೇಡಿ, ಮರುಬಳಕೆಗೆ ಕರಗಿಸುವಾಗ ಅದು ಉಳಿದ ಮಾಲನ್ನೂ ಕೆಡಿಸುತ್ತದೆ. ಹಸಿಕಸಕ್ಕೆ ಹಾಕುವ ಮೊದಲು, ನಿಮ್ಮ ವಾರ್ಡಿನ ಹಸಿಕಸ ಹೋಗುವ ಗೊಬ್ಬರದ ಘಟಕ ಇಂಥ ಚೀಲ ತೆಗೆದುಕೊಳ್ಳುತ್ತದೆಯೇ ಎಂದು ಗಾಡಿಯವರನ್ನು ಕೇಳಿ. ಅಲ್ಲಿ ಆರಿಸುವವರ ಕಣ್ಣಿಗೆ ಇದೂ ಪ್ಲಾಸ್ಟಿಕ್ಕೇ, ಅಸಲಿ ಚೀಲವನ್ನೂ ಕಿತ್ತು ಬಿಸಾಡುತ್ತಾರೆ.