ದೊಡ್ಡಪ್ಪನ ಚೆಂಡೆ ಮತ್ತು ಎಫ್‌ಎಫ್‌ವಿ1: ಮೂರು ವರ್ಷ ಬಳಸಿದ ಮೇಲೆ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯ ಅಟ್ಟದಲ್ಲಿ 11 ವಿಎಚ್‌ಎಸ್ ಕ್ಯಾಸೆಟ್ ಇದ್ದವು. ಅಕ್ಕನ ಮದುವೆ, ತಮ್ಮನ ಉಪನಯನ, ಮತ್ತೆ ಮಾಟುಂಗಾದಲ್ಲಿ ನಡೆದ ಒಂದು ಯಕ್ಷಗಾನ. ಅದರಲ್ಲಿ ಚೆಂಡೆ ನಮ್ಮ ದೊಡ್ಡಪ್ಪನದು. ಅವರು ಈಗಿಲ್ಲ. ಅವರ ಕೈಚಳಕ ಉಳಿದಿರುವುದು ಆ ಒಂದು ಕ್ಯಾಸೆಟ್‌ನಲ್ಲಿ ಮಾತ್ರ.

ಇವನ್ನೆಲ್ಲ ಡಿಜಿಟಲ್ ಮಾಡಿ ಉಳಿಸಲು ನಾನು ಕೊನೆಗೆ ಹಿಡಿದದ್ದು ಎಫ್‌ಎಫ್‌ವಿ1 ಎಂಬ ವಿಡಿಯೋ ಫಾರ್ಮ್ಯಾಟ್. ಮೊದಲು ಒಂದು ಅಂಗಡಿಗೆ ಕೊಟ್ಟೆ. ಮೂರು ಗಂಟೆಯ ಮದುವೆಯನ್ನು ಒಂದೇ ಡಿವಿಡಿಗೆ ತುರುಕಿ ಕೊಟ್ಟರು. ಅಕ್ಕನ ಧಾರೆ ಸೀರೆಯ ಕೆಂಪು ಚೌಕ ಚೌಕವಾಗಿ ಒಡೆದಿತ್ತು, ಜರಿ ಅಂಚು ಕಾಣಲೇ ಇಲ್ಲ. ವಿಎಚ್‌ಎಸ್ ಚಿತ್ರದಲ್ಲಿ ಮೊದಲೇ ಮರಳು ಎರಚಿದಂಥ ಕಾಳು ಇರುತ್ತದೆ. ಡಿವಿಡಿಯಲ್ಲಿ ವಿಡಿಯೋ ಕುಗ್ಗಿಸುವ ವಿಧಾನ ಎಂಪೆಗ್-2, ಸೆಕೆಂಡಿಗೆ ಕಡಿಮೆ ಡೇಟಾ ಕೊಟ್ಟರೆ ಆ ಕಾಳುಗಳ ಹಿಂದೆ ಓಡಿ ಮುಖಗಳನ್ನೇ ಕೈಬಿಡುತ್ತದೆ.

ಹಾಗಾಗಿ 2022ರಲ್ಲಿ ಹಳೆಯ ವಿಸಿಆರ್ ಒಂದನ್ನು ಹುಡುಕಿ ತಂದೆ (ಹೊಸದು ಸಿಗುವುದಿಲ್ಲ, ಫುನಾಯ್ ಕಂಪನಿ 2016ರಲ್ಲೇ ತಯಾರಿಕೆ ನಿಲ್ಲಿಸಿತು). ಜೊತೆಗೆ ವಿಸಿಆರ್ ಸಿಗ್ನಲನ್ನು ಕಂಪ್ಯೂಟರಿಗೆ ತರುವ ಯುಎಸ್‌ಬಿ ಕ್ಯಾಪ್ಚರ್ ಸಾಧನ, ವರ್ಚುವಲ್‌ಡಬ್2 ಎಂಬ ಉಚಿತ ತಂತ್ರಾಂಶ. ಸಾಧನದ ಜೊತೆ ಬಂದ ಸಾಫ್ಟ್‌ವೇರ್ ನೇರ ಎಂಪಿ4 ಮಾಡುತ್ತಿತ್ತು, ಗಂಟೆಗೆ ಮೂರೂವರೆ ಜಿಬಿ. ಸುಲಭ ಅನಿಸಿ ಯಕ್ಷಗಾನವನ್ನು ಅದರಲ್ಲೇ ಹಿಡಿದೆ. ನೋಡಿದರೆ ದೊಡ್ಡಪ್ಪನ ಕೋಲು ಚರ್ಮಕ್ಕೆ ಬೀಳುವ ಕ್ಷಣವೇ ಇಲ್ಲ! ಮೇಲೆತ್ತಿದ ಕೋಲು ಕಾಣುತ್ತದೆ, ಸದ್ದು ಕೇಳುತ್ತದೆ, ನಡುವಿನದು ಮಾಯ.

ಕಾರಣ ತಿಳಿಯಲು ಒಂದು ವಾರ ಹಿಡಿಯಿತು. ನಮ್ಮ ದೇಶದ ಟಿವಿಯ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮ್, ಆದರೆ ಪ್ರತಿ ಫ್ರೇಮಿನಲ್ಲಿ ಎರಡು ಫೀಲ್ಡ್, ಬೆಸ ಗೆರೆಗಳದ್ದೊಂದು, ಸರಿ ಗೆರೆಗಳದ್ದೊಂದು. ಅಂದರೆ ಸೆಕೆಂಡಿಗೆ 50 ಬೇರೆ ಬೇರೆ ಕ್ಷಣಗಳು. ಆ ಸಾಫ್ಟ್‌ವೇರ್ ಅರ್ಧವನ್ನು ಎಸೆದುಬಿಟ್ಟಿತ್ತು. ಈಗ ಇಂಟರ್‌ಲೇಸ್, ಅಂದರೆ ಎರಡು ಫೀಲ್ಡ್ ಹೆಣೆದದ್ದು, ಇದ್ದ ಹಾಗೆಯೇ, 720×576ರಲ್ಲಿ, ಎಫ್‌ಎಫ್‌ವಿ1ಗೆ ಹಿಡಿಯುತ್ತೇನೆ. ಫೋನಿಗೆ ಬೇಕಾದಾಗ ಆ ಮೂಲದಿಂದಲೇ ಸೆಕೆಂಡಿಗೆ 50 ಫ್ರೇಮಿನ ಎಂಪಿ4 ತೆಗೆಯುತ್ತೇನೆ. ಆಗ ಒಂದೊಂದು ಪೆಟ್ಟೂ ಸಿಕ್ಕಿತು. ಅಮ್ಮ ನೋಡಿ, "ಹೌದು ಮಗಾ, ಎಡಗೈ ಹೀಗೇ ಸ್ವಲ್ಪ ಹೊರಗೆ ತಿರುಗುತ್ತಿತ್ತು" ಅಂದಳು.

ಎಫ್‌ಎಫ್‌ವಿ1 ಏನನ್ನೂ ಕಳೆದುಕೊಳ್ಳದೆ ಕುಗ್ಗಿಸುತ್ತದೆ. ಕುಗ್ಗಿಸದಿದ್ದರೆ ಗಂಟೆಗೆ ಸುಮಾರು 75 ಜಿಬಿ, ಇದರಲ್ಲಿ ನನ್ನ ಕ್ಯಾಸೆಟ್‌ಗಳಿಗೆ 30ರ ಆಸುಪಾಸು. ಡಿವಿ ಎಂಬ ಇನ್ನೊಂದು ಫಾರ್ಮ್ಯಾಟ್ ಆದರೆ 13 ಜಿಬಿ ಸಾಕು, ಆದರೆ ಪಾಲ್ ಡಿವಿಯಲ್ಲಿ ಬಣ್ಣದ ವಿವರ ಮತ್ತಷ್ಟು ಕಡಿಮೆಯಾಗುತ್ತದೆ. ಆ ಕೆಂಪು ಸೀರೆ ನೋಡಿದ ಮೇಲೆ ನನಗೆ ಅದು ಬೇಡವಾಯಿತು. ನಿಮ್ಮದು ಮಿನಿಡಿವಿ ಕ್ಯಾಸೆಟ್ ಆದರೆ ಮಾತು ಬೇರೆ. ಅದು ಟೇಪಿನಲ್ಲೇ ಡಿಜಿಟಲ್, ಫೈರ್‌ವೈರ್ ಕೇಬಲ್‌ನಲ್ಲಿ ಇದ್ದದ್ದನ್ನು ಇದ್ದಂತೆ ನಕಲು ಮಾಡಿಕೊಂಡರೆ ಮುಗಿಯಿತು.

ತೊಂದರೆ ಇಲ್ಲವೇ? ಇದೆ. ಎಫ್‌ಎಫ್‌ವಿ1 ಕಡತ ನಮ್ಮ ಟಿವಿಯಲ್ಲಿ ಓಡುವುದಿಲ್ಲ, ಕಂಪ್ಯೂಟರಿನಲ್ಲಿ ವಿಎಲ್‌ಸಿಯಂಥ ಪ್ಲೇಯರ್ ಬೇಕು. ಟೇಪು ಸುಕ್ಕಾದ ಕಡೆ ಫ್ರೇಮ್ ಬಿದ್ದುಹೋಗಿ ಧ್ವನಿ ಹಿಂದೆ ಬೀಳುತ್ತಿತ್ತು. ಅದು ಫಾರ್ಮ್ಯಾಟಿನ ತಪ್ಪಲ್ಲ, ಸಿಗ್ನಲ್ ಅಲುಗಾಡುವುದರ ತಪ್ಪು. ವಿಸಿಆರ್ ಮತ್ತು ಕ್ಯಾಪ್ಚರ್ ಸಾಧನದ ನಡುವೆ ಹಳೆಯ ಡಿವಿಡಿ ರೆಕಾರ್ಡರ್ ಇಟ್ಟು ಸಿಗ್ನಲನ್ನು ಅದರ ಮೂಲಕ ಹಾಯಿಸಿದ ಮೇಲೆ ಬಹುಮಟ್ಟಿಗೆ ಸರಿಹೋಯಿತು. ಎಲ್ಲ ರೆಕಾರ್ಡರ್‌ಗಳೂ ಹೀಗೆ ಸಿಗ್ನಲನ್ನು ಸ್ಥಿರಗೊಳಿಸುವುದಿಲ್ಲ, ಮೊದಲು ಬೇಡದ ಕ್ಯಾಸೆಟ್ ಹಾಕಿ ನೋಡಿ.

ಹತ್ತು ಕ್ಯಾಸೆಟ್ ಮುಗಿದಿವೆ. ಒಂದು ಡಿಸ್ಕ್ ನನ್ನ ಬಳಿ, ಇನ್ನೊಂದು ಪುಣೆಯಲ್ಲಿ ಅಕ್ಕನ ಮನೆಯಲ್ಲಿ. ಹನ್ನೊಂದನೆಯದರ ಸುರುಳಿಯ ಮೇಲೆ ಬಿಳಿ ಬೂಷ್ಟು ಹಿಡಿದಿದೆ, ಮುಂಬೈ ಕಡೆಯ ಮಳೆಗಾಲದ ತೇವ. ಹಾಗೇ ಹಾಕಿದರೆ ವಿಸಿಆರ್‌ನಲ್ಲಿ ಟೇಪು ಓದುವ ಹೆಡ್ಡಿಗೂ ಅಂಟುತ್ತದೆ. ಅದನ್ನು ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿ ಬೇರೆ ಇಟ್ಟಿದ್ದೇನೆ, ಮಳೆ ನಿಂತ ಮೇಲೆ ಸ್ವಚ್ಛ ಮಾಡಿಸಬೇಕು.