ಶಾಲೆ ಮುಗಿಸುವ ಅಂಧ ವಿದ್ಯಾರ್ಥಿಗೆ ಎನ್‌ವಿಡಿಎ: ಎಲ್ಲಿ ಕೈ ಹಿಡಿಯುತ್ತದೆ, ಎಲ್ಲಿ ಬಿಡುತ್ತದೆ

ಶಾಲೆಯಲ್ಲಿರುವಷ್ಟು ದಿನ ಕಣ್ಣು ಕಾಣದ ವಿದ್ಯಾರ್ಥಿಗೆ ಪಾಠ ಓದಿ ಹೇಳುವವರು, ಪರೀಕ್ಷೆ ಬರೆದುಕೊಡುವವರು, ಅರ್ಜಿ ತುಂಬಿಕೊಡುವವರು ಸಿಗುತ್ತಾರೆ. ಶಾಲೆ ಮುಗಿದ ಮೇಲೆ ಆ ನೆರವು ತಾನಾಗಿ ಹಿಂದೆ ಬರುವುದಿಲ್ಲ. ಕಾಲೇಜಿನ ಅರ್ಜಿ, ಬ್ಯಾಂಕ್ ಖಾತೆ, ಕೆಲಸ ಕೇಳಿ ಬರೆಯುವ ಇಮೇಲ್ ಮಾತ್ರ ಒಟ್ಟೊಟ್ಟಿಗೆ ಎದುರಾಗುತ್ತವೆ. ಕಂಪ್ಯೂಟರ್ ಪರದೆಯಲ್ಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಎಂಬ ತಂತ್ರಾಂಶ (ಸ್ಕ್ರೀನ್ ರೀಡರ್) ಆ ಹೊತ್ತಿಗೆ ಎಷ್ಟು ಒದಗುತ್ತದೆ ಎಂಬುದೇ ಈ ವಿಮರ್ಶೆಯ ಅಳತೆಗೋಲು.

2006ರಲ್ಲಿ ಆಸ್ಟ್ರೇಲಿಯಾದ ಮೈಕಲ್ ಕರ್ರನ್ ಇದನ್ನು ಆರಂಭಿಸಿದರು, ಜೇಮ್ಸ್ ಟೆಹ್ ಜೊತೆಗೂಡಿದರು, ಇಬ್ಬರೂ ಅಂಧರೇ. ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ, ಉಚಿತ. ಉಚಿತ ಎಂಬುದು ಬರೀ ದುಡ್ಡಿನ ಮಾತಲ್ಲ. ಶಾಲೆ ಕೊಂಡ ತಂತ್ರಾಂಶದ ಪರವಾನಗಿ ಶಾಲೆಯಲ್ಲೇ ಉಳಿಯುತ್ತದೆ. ಎನ್‌ವಿಡಿಎ ವಿದ್ಯಾರ್ಥಿಯ ಜೊತೆ ಹೊರಗೆ ಬರುತ್ತದೆ. ಟೂಲ್ಸ್ ಮೆನುವಿನಿಂದ, ಇನ್‌ಸ್ಟಾಲ್ ಮಾಡದೆಯೇ ನಡೆಯುವ ಪೋರ್ಟಬಲ್ ಪ್ರತಿ ಮಾಡಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಬಹುದು. ಒಂದು ಎಚ್ಚರಿಕೆ: ಪೋರ್ಟಬಲ್ ಪ್ರತಿ ಲಾಗಿನ್ ಪರದೆಯಲ್ಲೂ ಅನುಮತಿ ಕೇಳುವ ಪರದೆಯಲ್ಲೂ ಮಾತಾಡುವುದಿಲ್ಲ. ದಿನವೂ ಬಳಸುವ ಯಂತ್ರಕ್ಕೆ ಪೂರ್ತಿ ಇನ್‌ಸ್ಟಾಲ್ ಆಗಲೇಬೇಕು.

ಮೊದಲ ದಿನ ಮಾಡಬೇಕಾದ್ದು ಸ್ವಲ್ಪವೇ. ಲ್ಯಾಪ್‌ಟಾಪ್ ಆದರೆ ಸ್ವಾಗತದ ಡೈಲಾಗ್‌ನಲ್ಲಿ ಲ್ಯಾಪ್‌ಟಾಪ್ ಲೇಔಟ್ ಆರಿಸಿ, ಕ್ಯಾಪ್ಸ್ ಲಾಕ್ ಅನ್ನು ಎನ್‌ವಿಡಿಎ ಕೀ (ಆಜ್ಞೆ ಕೊಡಲು ಬೇರೆ ಕೀಗಳ ಜೊತೆ ಒತ್ತುವ ಕೀ) ಮಾಡಿ. ಆ ಕೀಯ ಜೊತೆ 1 ಒತ್ತಿದರೆ, ಆಮೇಲೆ ಒತ್ತುವ ಯಾವ ಕೀ ಏನು ಮಾಡುತ್ತದೆ ಎಂದು ಹೇಳುತ್ತ ಹೋಗುತ್ತದೆ, ಏನೂ ಕೆಡುವುದಿಲ್ಲ. ಜೊತೆಗೆ ಬರುವ ಇಸ್ಪೀಕ್ ಧ್ವನಿಗೆ ಕನ್ನಡ ಗೊತ್ತು. ಉಚ್ಚಾರ ಯಂತ್ರದಂತಿದೆ, ಕೇಳಿ ಕೇಳಿ ಕಿವಿಗೆ ಒಗ್ಗಬೇಕು. ಪಕ್ಕದಲ್ಲಿ ಕೂರುವ, ಕಣ್ಣು ಕಾಣುವ ಶಿಕ್ಷಕರು ಸ್ಪೀಚ್ ವ್ಯೂವರ್ ತೆರೆದುಕೊಂಡರೆ, ಎನ್‌ವಿಡಿಎ ಹೇಳಿದ್ದೆಲ್ಲ ಅಕ್ಷರದಲ್ಲಿ ಕಾಣುತ್ತದೆ.

ನಿಜವಾದ ಕಲಿಕೆ ಇರುವುದು ವೆಬ್ ಅರ್ಜಿಗಳಲ್ಲಿ. ಎನ್‌ವಿಡಿಎಗೆ ಎರಡು ಸ್ಥಿತಿ: ಓದಲು ಬ್ರೌಸ್ ಮೋಡ್, ಬರೆಯಲು ಫೋಕಸ್ ಮೋಡ್. ಬ್ರೌಸ್‌ನಲ್ಲಿ ಎಚ್ ಒತ್ತಿದರೆ ಮುಂದಿನ ಶೀರ್ಷಿಕೆಗೆ ಹಾರುತ್ತದೆ. ಫೋಕಸ್‌ನಲ್ಲಿ ಅದೇ ಎಚ್ ಅಕ್ಷರವಾಗಿ ಮೂಡುತ್ತದೆ. ಯಾವ ಮೋಡ್‌ನಲ್ಲಿದ್ದೇವೆಂದು ಮರೆತವರು ಹೆಸರು ಟೈಪ್ ಮಾಡಲು ಹೋಗಿ ಪುಟವಿಡೀ ಅಲೆಯುತ್ತಾರೆ. ಮೋಡ್ ಬದಲಾದಾಗ ಸಣ್ಣ ಸದ್ದು ಬರುತ್ತದೆ, ಅದಕ್ಕೆ ಕಿವಿಗೊಡುವುದನ್ನು ಕಲಿಸಿ. ಕೈಯಿಂದ ಬದಲಿಸಲು ಎನ್‌ವಿಡಿಎ ಕೀ ಮತ್ತು ಸ್ಪೇಸ್.

ಇನ್ನೂ ದೊಡ್ಡ ತಪ್ಪು ಟ್ಯಾಬ್ ಕೀ ಒಂದನ್ನೇ ನಂಬುವುದು. ಟ್ಯಾಬ್ ಒಂದು ಖಾನೆಯಿಂದ ಇನ್ನೊಂದಕ್ಕೆ ಜಿಗಿಯುತ್ತದೆ, ನಡುವಿನ ಸಾದಾ ಸಾಲುಗಳನ್ನು ದಾಟಿಬಿಡುತ್ತದೆ. ‘ಫೋಟೊ ಇಷ್ಟೇ ಗಾತ್ರದ್ದಿರಲಿ’, ‘ದಿನಾಂಕ ಹೀಗೆ ಬರೆಯಿರಿ’ ಎಂಬ ಸೂಚನೆಗಳು ಇರುವುದೇ ಅಂಥ ಸಾಲುಗಳಲ್ಲಿ. ಮೊದಲು ಕೆಳಬಾಣದಿಂದ ಅರ್ಜಿಯನ್ನು ಪೂರ್ತಿ ಓದಿಸಿ, ಆಮೇಲೆ ಮೇಲಕ್ಕೆ ಬಂದು ಎಫ್ ಒತ್ತುತ್ತ ಒಂದೊಂದೇ ಖಾನೆ ತುಂಬಿಸಿ. ಸಲ್ಲಿಸಿದ ಮೇಲೆ ಮೌನವಾದರೆ ಅರ್ಜಿ ಹೋಯಿತೆಂದು ತಿಳಿಯಬಾರದು. ತಪ್ಪಿನ ಸಂದೇಶ ಎಷ್ಟೋ ಸಲ ಪುಟದ ತಲೆಯಲ್ಲಿ ಸದ್ದಿಲ್ಲದೆ ಕೂತಿರುತ್ತದೆ; ಕಂಟ್ರೋಲ್ ಹೋಮ್ ಒತ್ತಿ ಮತ್ತೆ ಓದಬೇಕು. ಪಾಸ್‌ವರ್ಡ್ ಖಾನೆಯಲ್ಲಿ ಪ್ರತಿ ಅಕ್ಷರಕ್ಕೂ ‘ಸ್ಟಾರ್’ ಎಂದಷ್ಟೇ ಕೇಳುವುದರಿಂದ, ನೋಡದೆ ಟೈಪ್ ಮಾಡುವ ಅಭ್ಯಾಸ ಬೆರಳಿಗೆ ಮೊದಲೇ ಹತ್ತಿರಬೇಕು.

ಬ್ಯಾಂಕ್ ವ್ಯವಹಾರಕ್ಕೆ ಸ್ಕ್ರೀನ್ ಕರ್ಟನ್ ಎಂಬ ಸೌಲಭ್ಯವಿದೆ: ಪರದೆ ಪೂರ್ತಿ ಕಪ್ಪಾಗುತ್ತದೆ, ಓದುವುದು ನಿಲ್ಲುವುದಿಲ್ಲ. ಇಷ್ಟು ವರ್ಷ ಬೇರೆಯವರಿಂದಲೇ ಎಲ್ಲವನ್ನೂ ಓದಿಸಿಕೊಂಡವರಿಗೆ ಗುಟ್ಟು ಗುಟ್ಟಾಗಿಯೇ ಉಳಿಯುವುದು ದೊಡ್ಡ ವಿಷಯ, ಇದನ್ನು ತಪ್ಪದೆ ತೋರಿಸಿಕೊಡಿ. 2025.1 ಆವೃತ್ತಿಯಿಂದ ರಿಮೋಟ್ ನೆರವು ಒಳಗೇ ಸೇರಿದೆ. ಎರಡೂ ಕಡೆ ಎನ್‌ವಿಡಿಎ ಇದ್ದರೆ, ಶಾಲೆ ಬಿಟ್ಟವರಿಗೂ ತರಬೇತುದಾರರು ದೂರದಿಂದ ಕೈಜೋಡಿಸಬಹುದು.

ಕೊರತೆಗಳು ಸಣ್ಣವಲ್ಲ. ಹೆಸರಿಲ್ಲದ ಬಟನ್ ಎದುರಾದರೆ ‘ಬಟನ್’ ಎಂದಷ್ಟೇ ಹೇಳುತ್ತದೆ, ಚಿತ್ರದ ಕ್ಯಾಪ್ಚಾವನ್ನು (ಬಳಸುವವರು ಮನುಷ್ಯರೇ ಎಂದು ಪರೀಕ್ಷಿಸುವ ಒಗಟನ್ನು) ಬಿಡಿಸಲಾರದು. ಸ್ಕ್ಯಾನ್ ಮಾಡಿದ ಪಿಡಿಎಫ್ ಅದಕ್ಕೆ ಬರೀ ಚಿತ್ರ. ಎನ್‌ವಿಡಿಎ ಕೀ ಮತ್ತು ಆರ್ ಒತ್ತಿ ವಿಂಡೋಸ್‌ನ ಅಕ್ಷರ ಗುರುತಿಸುವ ಸೌಲಭ್ಯದಿಂದ ಓದಿಸಲು ನೋಡಬಹುದು, ಮಸುಕಾದ ಪ್ರತಿಯಾದರೆ ಪದಗಳು ಕಲಸಿಹೋಗುತ್ತವೆ. ಇವು ಪುಟ ತಯಾರಿಸಿದವರ ತಪ್ಪೇ ಹೊರತು ಎನ್‌ವಿಡಿಎಯದಲ್ಲ. ಆದರೂ ಕೊನೆಯ ದಿನಾಂಕ ಹತ್ತಿರವಿರುವಾಗ ತೊಂದರೆ ಅನುಭವಿಸುವುದು ವಿದ್ಯಾರ್ಥಿ.

ಕೇಳಿಯೇ ಕಲಿತವರಿಗೆ ಕಾಗುಣಿತ ಕೈಕೊಡುತ್ತದೆ ಎಂಬುದು ಇನ್ನೊಂದು. ಬರೆದ ಪತ್ರವೆಲ್ಲ ಕಿವಿಗೆ ಸರಿಯಾಗಿಯೇ ಕೇಳುತ್ತಿರುತ್ತದೆ, ಕಾಗದದ ಮೇಲೆ ಅಲ್ಪಪ್ರಾಣ ಮಹಾಪ್ರಾಣ ಅದಲುಬದಲಾಗಿರುತ್ತವೆ. ಅಕ್ಷರಗಳನ್ನು ಬೆರಳಿಗೆ ತಾಕುವ ಚುಕ್ಕಿಗಳಾಗಿ ಮೂಡಿಸುವ ಬ್ರೈಲ್ ಡಿಸ್‌ಪ್ಲೇ ಸಿಕ್ಕರೆ ಎನ್‌ವಿಡಿಎಗೆ ಜೋಡಿಸಿ. ಇಲ್ಲದಿದ್ದರೆ ಕಳಿಸುವ ಮುನ್ನ ಹೆಸರು, ವಿಳಾಸಗಳನ್ನಾದರೂ ಬಲಬಾಣ ಒತ್ತಿ ಅಕ್ಷರ ಅಕ್ಷರವಾಗಿ ಕೇಳಿಸಿಕೊಳ್ಳಲಿ.

ಕೊನೆಯ ತರಗತಿಯ ಕೊನೆಯ ತಿಂಗಳಲ್ಲಿ ಇದನ್ನು ಕೈಗಿಟ್ಟರೆ ಮೇಲಿನ ಯಾವುದೂ ಹತ್ತುವುದಿಲ್ಲ. ಎರಡು ವರ್ಷ ಮೊದಲೇ ಶುರುಮಾಡಿ, ಮನೆಪಾಠವನ್ನು ಇದರಲ್ಲೇ ಬರೆಸಿ. ಶಾಲೆ ಬಿಡುವ ಮುನ್ನ ನಿಜವಾದ ಒಂದು ಅರ್ಜಿಯನ್ನು, ಪಕ್ಕದಲ್ಲಿ ಯಾರೂ ಇಲ್ಲದೆ, ಫೋಟೊ ಏರಿಸುವುದರಿಂದ ಹಿಡಿದು ರಸೀದಿ ಉಳಿಸಿಕೊಳ್ಳುವವರೆಗೆ ತಾವೇ ಮುಗಿಸಲಿ. ಎಲ್ಲಿ ನಿಂತರೋ ಅಲ್ಲಿಂದ ಮರುದಿನದ ಪಾಠ.